ಗ್ಯಾಸ್ ಇಂಜೆಕ್ಟರ್ ಕಟ್ಕೊಂಡ್ರೆ ಅದರ ಹಿಂದೆ ಏನೈತೆ ಅಂತ ನೋಡಿ

ಗ್ಯಾರೇಜಿಗೆ ಬರೋ ಗ್ಯಾಸ್ ಗಾಡಿಯೋರು ಎಲ್ರೂ ಕೇಳೋ ಪ್ರಶ್ನೆ ಒಂದೇ. "ಅಣ್ಣ, ಗ್ಯಾಸಲ್ಲಿ ಕಸಾನೇ ಇರಲ್ಲ ಅಂತಾರೆ, ಹೊಗೆನೂ ಬರಲ್ಲ, ಮತ್ತೆ ಇಂಜೆಕ್ಟರ್ ಯಾಕೆ ಕಟ್ಕಂತು?" ಇಂಜೆಕ್ಟರ್ ಅಂದ್ರೆ ಇಂಜಿನ್ನಿಗೆ ಗ್ಯಾಸನ್ನ ಅಳೆದು ಬಿಡೋ ಸಣ್ಣ ವಾಲ್ವ್, ಕೇಳೋದ್ರಲ್ಲಿ ನ್ಯಾಯ ಐತೆ. ಸಿಎನ್‌ಜಿ ಅಂದ್ರೆ ಹೆಚ್ಚೂಕಮ್ಮಿ ಪೂರ್ತಿ ಮೀಥೇನ್, ಅದು ಜಿಡ್ಡು ಬಿಟ್ಟು ಹೋಗೋ ಮಾಲೇ ಅಲ್ಲ. ಎಲ್‌ಪಿಜಿಲಿ ಇರೋ ಪ್ರೊಪೇನ್ ಮೈನಸ್ 42 ಡಿಗ್ರಿಗೇ ಕುದಿಯುತ್ತೆ, ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ರ, ಬಿಸಿ ಇಂಜಿನ್ ಮೇಲೆ ಅವು ಅಂಟ್ಕೊಳ್ಳೋ ಮಾತೇ ಇಲ್ಲ. ಅಂಟೋದೆಲ್ಲ ಗ್ಯಾಸ್ ಜೊತೆ ಸೇರ್ಕೊಂಡು ಬರೋ ಬೇರೆ ಸರಕು, ಅದು ಹುಟ್ಟೋದು ಇಂಜೆಕ್ಟರಿಗಿಂತ ಎಷ್ಟೋ ಹಿಂದೆ, ಆದ್ರೆ ನಮ್ ಜನ ಇಂಜೆಕ್ಟರ್ ಒಂದನ್ನೇ ಬಿಚ್ಚಿ ಕ್ಲೀನ್ ಮಾಡ್ಸಿ ಮನೆಗೋಗ್ತಾರೆ, ಆರು ತಿಂಗಳಿಗೆ ಅದೇ ಗಾಡಿ ಅದೇ ಕಂಪ್ಲೇಂಟ್ ಇಟ್ಕೊಂಡು ವಾಪಸ್ ಬರ್ತದೆ.

ಇಂಜೆಕ್ಟರೆಲ್ಲ ಸಾಲಾಗಿ ಕೂತಿರೋ ರೈಲ್ ಬಿಚ್ಚಿ ನೋಡಿದ್ರೆ ಎಲ್ಲ ಗೊತ್ತಾಗ್ತದೆ. ಮೊನ್ನೆ ಶ್ರೀರಂಗಪಟ್ಟಣದ ಕಡೆಯಿಂದ ಒಂದು ಎಲ್‌ಪಿಜಿ ವ್ಯಾನ್ ಬಂದಿತ್ತು, ಕಾಯಿಲ್ ತೆಗೆದು ಮೇಲಿನ ಟ್ಯೂಬ್ ಬಿಚ್ಚಿ, ಒಳಗೆ ಎದ್ದು ಕೂತು ಗ್ಯಾಸ್ ಬಿಡೋ ಪ್ಲಂಜರ್ ಬೀಳ್ಲಿ ಅಂತ ರೈಲನ್ನ ತಲೆಕೆಳಗೆ ಹಿಡಿದ್ರೆ ನಾಕರಲ್ಲಿ ಎರಡು ಬೀಳ್ಲೇ ಇಲ್ಲ, ಬೆರಳಲ್ಲಿ ಎಳೀಬೇಕಾಯ್ತು. ಮೈಮೇಲೆಲ್ಲ ಕಪ್ಪುಕಂದು ಅಂಟು, ಆಲೆಮನೆ ಕೊಪ್ಪರಿಗೆ ಅಂಚಲ್ಲಿ ಪಾಕ ಒಣಗಿ ಕೂತಿರ್ತದಲ್ಲ ಥೇಟ್ ಹಂಗೆ, ವಾಸನೆ ಮಾತ್ರ ಹತ್ರ ಹೋಗಂಗಿಲ್ಲ. ಆ ವಾಸನೆ ಮರ್‌ಕ್ಯಾಪ್ಟನ್‌ದು, ಲೀಕ್ ಆದ್ರೆ ಮೂಗಿಗೆ ಗೊತ್ತಾಗ್ಲಿ ಅಂತ ಗ್ಯಾಸಿಗೆ ಬೆರೆಸೋದು, ಜಿಡ್ಡಲ್ಲಿ ಸೇರ್ಕೊಂಡು ಅಲ್ಲೇ ಉಳಿದುಬಿಡ್ತದೆ.

ಈ ಪ್ಲಂಜರ್ ಮೇಲೇಳೋದೇ ಅರ್ಧ ಮಿಲಿಮೀಟರ್ ಆಸುಪಾಸು. ಗಾಡಿ 3000 ಆರ್‌ಪಿಎಮ್‌ನಲ್ಲಿ ಓಡ್ತಿದ್ರೆ ಒಂದೊಂದು ಇಂಜೆಕ್ಟರ್ ಸೆಕೆಂಡಿಗೆ 25 ಸಲ ತೆಗೆದು ಮುಚ್ಚಬೇಕು, ಅಂದ್ರೆ ಗಂಟೆಗೆ 90,000 ಸಲ. ಐಡ್ಲಿಂಗಲ್ಲಿ ಅದು ಐದು ಮಿಲಿಸೆಕೆಂಡ್ ತೆಗೀಬೇಕು ಅನ್ಕೊಳ್ಳಿ, ಜಿಡ್ಡಿಂದಾಗಿ ಒಂದೇ ಒಂದು ಮಿಲಿಸೆಕೆಂಡ್ ಲೇಟಾಗಿ ಎದ್ರೂ ಐದರಲ್ಲಿ ಒಂದು ಪಾಲು ಗ್ಯಾಸ್ ಹೋಯ್ತು. ಇನ್ನೊಂದು ವಿಷ್ಯ, ಪೆಟ್ರೋಲ್ ಇಂಜೆಕ್ಟರಿಗೆ ಪೆಟ್ರೋಲೇ ತಂಪು ಕೊಡ್ತದೆ, ಅಷ್ಟೋ ಇಷ್ಟೋ ನುಣುಪೂ ಕೊಡ್ತದೆ, ತೊಳೀತಾನೂ ಇರ್ತದೆ. ಗ್ಯಾಸಿಗೆ ಆ ಗುಣ ಇಲ್ಲ, ಒಂದ್ಸಲ ಕೂತ ಜಿಡ್ಡು ಕೂತಂಗೇ.

ಸಣ್ಣ ಗಾಡಿಲಿ ನಾಕು ಸಿಲಿಂಡರಿಗೂ ಸೇರಿ ಎಕ್ಸಾಸ್ಟಲ್ಲಿ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ನೋಡಿ ಸರಿ ಮಾಡೋ ಆಕ್ಸಿಜನ್ ಸೆನ್ಸರ್ ಒಂದೇ ಇರ್ತದೆ. ಒಂದು ಇಂಜೆಕ್ಟರ್ ಕಮ್ಮಿ ಗ್ಯಾಸ್ ಬಿಟ್ರೆ ಸೆನ್ಸರ್ ಗ್ಯಾಸ್ ಸಾಲ್ತಿಲ್ಲ ಅನ್ನುತ್ತೆ, ಇಸಿಯು ನಾಕಕ್ಕೂ ಏರಿಸ್ತದೆ, ಆಗ ಕೆಟ್ಟಿರೋನಿಗೆ ಇನ್ನೂ ಸಾಲ್ದು, ಸರಿ ಇರೋ ಮೂರಕ್ಕೆ ಅಜೀರ್ಣ. ಮೈಲೇಜ್ ಬಿದ್ದೋಯ್ತು ಅಂತ ಬರೋರಲ್ಲಿ ಎಷ್ಟೋ ಜನದ್ದು ಇದೇ ಕೇಸು. ಅದಕ್ಕೇ ಸ್ಕ್ಯಾನರ್ ಹಾಕಿದಾಗ ಎರರ್ ಕೋಡ್ ಇಲ್ಲ ಅಂತ ಬಿಟ್ಬಿಡಬೇಡಿ, ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಇಂಧನನ ಎಷ್ಟು ಪರ್ಸೆಂಟ್ ಏರಿಸಿ ಇಳಿಸ್ತಿದೆ ಅನ್ನೋ ಲೆಕ್ಕ) ನೋಡಕ್ಕೆ ಹೇಳಿ, ಮೊದ್ಲು ಪೆಟ್ರೋಲಲ್ಲಿ ಓಡ್ಸಿ ಆಮೇಲೆ ಗ್ಯಾಸಲ್ಲಿ ಓಡ್ಸಿ. ಪೆಟ್ರೋಲಲ್ಲಿ ಸೊನ್ನೆ ಹತ್ರ ಇದ್ದಿದ್ದು ಗ್ಯಾಸಿಗೆ ಬಂದ ತಕ್ಷಣ ಪ್ಲಸ್ 15, ಪ್ಲಸ್ 20 ಅಂತ ಏರಿದ್ರೆ ಗ್ಯಾಸ್ ಲೈನಲ್ಲಿ ಏನೋ ಕಟ್ಕೊಂಡಿದೆ.

ಹಂಗಂತ ಚಾಮುಂಡಿ ಬೆಟ್ಟ ಹತ್ತೋವಾಗ ಜರ್ಕ್ ಹೊಡೆದ್ರೆ ಸೀದಾ ಇಂಜೆಕ್ಟರ್ ಬಿಚ್ಚಬೇಡಿ. ಗ್ಯಾಸ್ ಹಚ್ಚಕ್ಕೆ ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು, ಸವೆದಿರೋ ಪ್ಲಗ್ಗು ಪೆಟ್ರೋಲಲ್ಲಿ ಸುಮ್ನಿದ್ದು ಗ್ಯಾಸಲ್ಲಿ ಲೋಡ್ ಬಿದ್ದಾಗ ಮಿಸ್ ಹೊಡೀತದೆ. ಪ್ಲಗ್ ಮೊದ್ಲು, ಇಂಜೆಕ್ಟರ್ ಆಮೇಲೆ. ಬೆಳಿಗ್ಗೆ ತಣ್ಣಗಿದ್ದಾಗ ಗಡಗಡ ಅಂದು ಗಾಡಿ ಬಿಸಿ ಆದ್ಮೇಲೆ ತಾನೇ ಸರಿ ಹೋದ್ರೆ ಮಾತ್ರ ಅದು ಹೆಚ್ಚಾಗಿ ಪ್ಲಂಜರ್ ಅಂಟಿರೋ ಲಕ್ಷಣ, ಜಿಡ್ಡು ಬಿಸಿಗೆ ತೆಳ್ಳಗಾಗ್ತದೆ.

ಈಗ ಆ ಸರಕು ಎಲ್ಲಿಂದ ಬರ್ತದೆ ಅಂತ ನೋಡಣ. ಎಲ್‌ಪಿಜಿಲಿ ಎಷ್ಟೇ ಶುದ್ಧ ಮಾಡಿದ್ರೂ ಸ್ವಲ್ಪ ಭಾರದ ಎಣ್ಣೆ ಅಂಶ ಉಳ್ದಿರ್ತದೆ, ಸಾಗಿಸೋವಾಗ ಪಂಪು ಪೈಪುಗಳಿಂದಾನೂ ಸೇರ್ಕೊಳ್ತದೆ, ಅಗ್ಗದ ರಬ್ಬರ್ ಹೋಸ್ ಇದ್ರೆ ರಬ್ಬರ್ ಮೆತ್ತಗಿರ್ಲಿ ಅಂತ ಅದಕ್ಕೆ ಹಾಕಿರೋ ಪ್ಲಾಸ್ಟಿಸೈಸರ್ರೂ ಕರಗಿ ಬರ್ತದೆ. ಮನೆ ಸಿಲಿಂಡರಲ್ಲಿ ಈ ತಾಪತ್ರಯ ಇಲ್ಲ, ಯಾಕಂದ್ರೆ ಅಲ್ಲಿ ಮೇಲಿಂದ ಆವಿ ಎಳೀತೀವಿ, ಭಾರದ್ದೆಲ್ಲ ತಳದಲ್ಲೇ ಉಳೀತದೆ. ಗಾಡಿ ಟ್ಯಾಂಕಲ್ಲಿ ಎಳಿಯೋದೇ ತಳದಿಂದ, ದ್ರವ ರೂಪದಲ್ಲಿ, ಹಂಗಾಗಿ ಏನಿದ್ರೂ ಇಂಜಿನ್ ಕಡೆಗೇ ಪ್ರಯಾಣ. ಈಗ ಯೋಚ್ನೆ ಮಾಡಿ, ಮನೆ ಸಿಲಿಂಡರ್ ಉಲ್ಟಾ ಮಾಡಿ ಆಟೋಗೆ ತುಂಬ್ಸೋರು ಇದಾರಲ್ಲ, ಅವರು ತಳದಲ್ಲಿ ಕೂತಿದ್ದ ಗಲೀಜನ್ನೇ ಮೊದ್ಲು ಗಾಡಿಗೆ ಬಿಟ್ಕೊಂಡಂಗಾಯ್ತು. ಅದು ಅಪರಾಧ, ಜೀವಕ್ಕೂ ಅಪಾಯ, ಅದನ್ನ ನಾನು ಹೇಳಿದ್ರೆ ಯಾರೂ ಕೇಳಲ್ಲ, ಇಂಜೆಕ್ಟರ್ ರೇಟ್ ಹೇಳಿದ್ರೆ ಕೇಳ್ತಾರೆ. ಮೊದ್ಲು ಆಟೋದಲ್ಲಿ ಇಂಜೆಕ್ಟರ್ರೇ ಇರ್ತಿರ್ಲಿಲ್ಲ, ಗಾಳಿಗೆ ಗ್ಯಾಸ್ ಬೆರೆಸೋ ಮಿಕ್ಸರ್ ಇದ್ದಿದ್ದು, ಏನು ಬಂದ್ರೂ ನುಂಗ್ಕೊಂಡು ಓಡೋದು. 2020ರ ಏಪ್ರಿಲಿಂದ ಬಿಎಸ್6 ಹೊಗೆ ನಿಯಮ ಬಂದ್ಮೇಲೆ ಆಟೋಗೂ ಇಂಜೆಕ್ಷನ್ ಬಂತು, ಹಳೇ ಧೈರ್ಯ ಇನ್ನು ನಡಿಯಲ್ಲ.

ಸಿಎನ್‌ಜಿಲಿ ದಾರಿ ಬೇರೆ. ಬಂಕಲ್ಲಿ ಕಂಪ್ರೆಸರ್ ಗ್ಯಾಸನ್ನ 250 ಬಾರ್ ಪ್ರೆಷರ್ ತನಕ ಒತ್ತುತ್ತೆ, ನಮ್ ಗಾಡಿ ಸಿಲಿಂಡರಿಗೆ 200 ಬಾರಲ್ಲಿ ತುಂಬ್ಸೋದು. ಕಂಪ್ರೆಸರಿಗೆ ಹಾಕೋ ಆಯಿಲ್ ಒಂದಿಷ್ಟು ಮಂಜಿನ ಥರ ಗ್ಯಾಸಲ್ಲಿ ಸೇರ್ಕೊಳ್ತದೆ, ಅದನ್ನ ಹಿಡಿಯಕ್ಕೆ ಬಂಕಲ್ಲೇ ಕೋಲೆಸಿಂಗ್ ಫಿಲ್ಟರ್ ಇರ್ತದೆ, ಆದ್ರೂ ಸ್ವಲ್ಪ ದಾಟಿ ಬಂದೇ ಬರ್ತದೆ. ಅಷ್ಟು ಪ್ರೆಷರಲ್ಲಿ ಗ್ಯಾಸ್ ಆಯಿಲನ್ನ ಹೊತ್ಕೊಂಡಿರ್ತದೆ, ಗಾಡಿ ರೆಗ್ಯುಲೇಟರಿಗೆ ಬಂದು 200 ಬಾರ್ ಇದ್ದಿದ್ದು ಕೆಲವೇ ಬಾರಿಗೆ ಇಳಿದಾಗ ಹೊತ್ಕೊಳ್ಳೋ ತಾಕತ್ತೂ ಹೋಗ್ತದೆ, ಗ್ಯಾಸೂ ಸಿಕ್ಕಾಪಟ್ಟೆ ತಣ್ಣಗಾಗ್ತದೆ, ಆಯಿಲ್ ಅಲ್ಲೇ ಹನಿ ಹನಿಯಾಗಿ ಉದುರಿ ರೈಲ್ ಕಡೆ ಹರೀತದೆ. ಅದರ ಜೊತೆ ಪೈಪಿನ ತುಕ್ಕು ಪುಡಿ ಸೇರಿದ್ರೆ ಗ್ರೀಸ್ ಆದಂಗೆ.

ಅಂದ್ರೆ ಹಿಡಿಯಕ್ಕೆ ಒಳ್ಳೆ ಜಾಗ ಅಂದ್ರೆ ಎಲ್‌ಪಿಜಿಗಾದ್ರೂ ಸಿಎನ್‌ಜಿಗಾದ್ರೂ ರಿಡ್ಯೂಸರ್ (ಮೇಲೆ ಹೇಳಿದ ರೆಗ್ಯುಲೇಟರ್ರೇ, ಗ್ಯಾಸಿನ ಪ್ರೆಷರ್ ಇಳಿಸೋದು) ಮತ್ತೆ ಅದು ದಾಟಿದ್ಮೇಲೆ ಸಿಗೋ ಫಿಲ್ಟರ್. ಎಲ್‌ಪಿಜಿ ರಿಡ್ಯೂಸರಿಗೆ ಇಂಜಿನ್ ಕೂಲೆಂಟ್ ಬಿಸಿ ಕೊಡ್ತದೆ, ಆ ಬಿಸಿ ಸಾಲ್ದೆ ಹೋದ್ರೆ ಗ್ಯಾಸ್ ಪೂರ್ತಿ ಆವಿ ಆಗದೆ ಹನಿ ಸಮೇತ ಇಂಜೆಕ್ಟರಿಗೆ ನುಗ್ತದೆ, ಹನಿಲಿರೋ ಎಣ್ಣೆ ಅಂಶನೂ ಅದರ ಜೊತೆಗೇ. ನಮ್ ಕಡೆ ಡಿಸೆಂಬರ್ ಬೆಳಿಗ್ಗೆ 15-16 ಡಿಗ್ರಿಲಿ ಗಾಡಿ ಸ್ಟಾರ್ಟ್ ಮಾಡಿ ಬೀದಿ ದಾಟೋ ಅಷ್ಟ್ರಲ್ಲಿ ಗ್ಯಾಸಿಗೆ ಹಾಕ್ಬೇಕು, ಪೆಟ್ರೋಲ್ ಉಳೀಬೇಕು ಅಂತ ಎಷ್ಟೋ ಜನ ಫಿಟ್ಟರ್ ಹತ್ರ ಹೇಳಿ ಬದಲಾಗೋ ಟೆಂಪರೇಚರನ್ನ 20ಕ್ಕೆ ಇಳಿಸ್ಕೊಂಡಿರ್ತಾರೆ. ಅದನ್ನ 40 ಹತ್ರ ಇಡ್ಸಿ. ದಿನಾ ಒಂದೆರಡು ಕಿಲೋಮೀಟರ್ ಜಾಸ್ತಿ ಪೆಟ್ರೋಲ್ ಓಡ್ತದೆ, ಓಡ್ಲಿ ಬಿಡಿ. ಕೂಲೆಂಟ್ ಕಮ್ಮಿ ಇದ್ರೂ, ಇಂಜಿನ್ ಬೇಗ ಬಿಸಿ ಆಗ್ಲಿ ಅಂತ ಕೂಲೆಂಟ್ ತಡೆಯೋ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ರೂ ಇದೇ ಗೋಳು. ಇಂಜಿನ್ ಹೀಟ್ ಆಗ್ಬಾರ್ದು ಅಂತ ಥರ್ಮೋಸ್ಟಾಟ್ ತೆಗೆಯೋ ಚಾಳಿ ನಮ್ಮೂರಲ್ಲಿ ಇನ್ನೂ ಹೋಗಿಲ್ಲ, ಗ್ಯಾಸ್ ಗಾಡಿಗೆ ಅದು ನೇರ ಏಟು.

ಕೆಲವು ರಿಡ್ಯೂಸರಿಗೆ ತಳದಲ್ಲಿ ಡ್ರೈನ್ ಪ್ಲಗ್ ಇರ್ತದೆ. ಸರ್ವೀಸಿಗೆ ಬಿಟ್ಟಾಗ ಗ್ಯಾಸ್ ವಾಲ್ವ್ ಮುಚ್ಚಿ, ಲೈನಲ್ಲಿರೋ ಗ್ಯಾಸ್ ಖಾಲಿ ಆಗೋವರ್ಗೂ ಓಡ್ಸಿ ಆಫ್ ಮಾಡಿ, ರಿಡ್ಯೂಸರ್ ಇನ್ನೂ ಬೆಚ್ಚಗಿರೋವಾಗ ಗಾಳಿ ಆಡೋ ಜಾಗದಲ್ಲಿ ಆ ಪ್ಲಗ್ ಬಿಚ್ಚಿದ್ರೆ ಕಪ್ಪನೆ ಎಣ್ಣೆ ಸುರೀತದೆ, ತಣ್ಣಗಾದ್ಮೇಲೆ ಬಿಚ್ಚಿದ್ರೆ ಒಳಗೇ ಗಟ್ಟಿ ಕೂತಿರ್ತದೆ, ಏನೂ ಬರಲ್ಲ. ಮನೇಲಿ ಮಾಡೋ ಕೆಲ್ಸ ಅಲ್ಲ, ಕಿಟ್ ಗೊತ್ತಿರೋನ ಹತ್ರ ಮಾಡ್ಸಿ.

ಫಿಲ್ಟರ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ರಿಗೂ ಗೊತ್ತು, ಯಾರೂ ಹಾಕ್ಸಲ್ಲ. ಹತ್ತರಿಂದ ಇಪ್ಪತ್ತು ಸಾವಿರ ಕಿಲೋಮೀಟರಿಗೆ ಒಂದ್ಸಲ, ಕಿಟ್ ಪುಸ್ತಕದಲ್ಲಿ ಏನಿದ್ಯೋ ಅದರಂತೆ. ದಿನಾ ನೂರು ಕಿಲೋಮೀಟರ್ ಓಡೋ ಆಟೋಗೆ ಇದು ವರ್ಷದ ಕೆಲ್ಸ ಅಲ್ಲ, ತಿಂಗಳ ಲೆಕ್ಕದ ಕೆಲ್ಸ. ಫಿಲ್ಟರ್ ನೂರಿನ ಲೆಕ್ಕ, ರೈಲ್ ಸಾವಿರದ ಲೆಕ್ಕ. ಹಳೇ ಫಿಲ್ಟರ್ ಬಿಸಾಕೋ ಮುಂಚೆ ಕತ್ತರಿಸಿ ನೋಡಿ, ಒದ್ದೆ ಎಣ್ಣೆ ಇದ್ರೆ ತುಂಬ್ಸೋ ಬಂಕ್ ಬದಲಾಯ್ಸಿ ನೋಡಿ, ಕೆಂಪು ಪುಡಿ ಇದ್ರೆ ಸಿಲಿಂಡರ್ ಅಥವಾ ಪೈಪ್ ನೋಡ್ಸಿ.

ಫಿಟಿಂಗಲ್ಲೂ ಮಾಡೋರು ಮಾಡ್ತಾರೆ ಎಡವಟ್ಟು. ರೈಲನ್ನ ಜಾಗ ಇದ್ದ ಕಡೆ ಮಲಗ್ಸಿ ಬೋಲ್ಟ್ ಹಾಕಿಬಿಡ್ತಾರೆ, ಆಗ ಬಂದ ಎಣ್ಣೆಯೆಲ್ಲ ಕಟ್ಟಕಡೇ ಇಂಜೆಕ್ಟರಲ್ಲಿ ಮಡುಗಟ್ಟಿ ನಿಲ್ತದೆ. ಪ್ಲಂಜರ್ ನೆಟ್ಟಗೆ, ನಾಝಲ್ ಕೆಳಗೆ ಬರಂಗೆ ಕೂರ್ಸಿದ್ರೆ ಬಂದಿದ್ದು ಇಂಜಿನ್ ಒಳಗೆ ಹೋಗಿ ಉರಿದುಹೋಗ್ತದೆ. ಹೋಸ್ ಕತ್ತರಿಸಿದಾಗ ಒಳಮೈ ಲೋಳೆ ಲೋಳೆ ಆಗಿದ್ರೆ ಆ ಹೋಸೇ ಕಳ್ಳ, ಎಲ್ಲಾನೂ ಬದಲಾಯ್ಸಿ.

ಇನ್ನು ಬಾಟಲಿ ಔಷಧಿ. ಪೆಟ್ರೋಲ್ ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಸುರಿದ್ರೆ ಅದು ಪೆಟ್ರೋಲ್ ಇಂಜೆಕ್ಟರಲ್ಲಿ ಹೋಗ್ತದೆ, ಗ್ಯಾಸ್ ಇಂಜೆಕ್ಟರಿನ ದಾರೀಲಿ ಅದು ಹಾಯೋದೇ ಇಲ್ಲ. ಇಷ್ಟು ಸರಳ ವಿಷ್ಯಕ್ಕೆ ಎಷ್ಟು ಜನ ದುಡ್ಡು ಕಳ್ಕೊಂಡಿದಾರೆ ಅಂತ ನೋಡಿದ್ರೆ ಸಿಟ್ಟು ಬರ್ತದೆ. ಕಾರ್ಬೊರೇಟರ್ ಸ್ಪ್ರೇ ಹೊಡೆದು ತೊಳಿಯೋರೂ ಇದಾರೆ, ಜಿಡ್ಡು ಹೋಗ್ತದೆ ನಿಜ, ಒಳಗಿರೋ ರಬ್ಬರ್ ಸೀಲ್ ಊದ್ಕೊಂಡು ಆ ಅರ್ಧ ಮಿಲಿಮೀಟರ್ ಓಡಾಟನೂ ಹೋಗ್ತದೆ. ರಿಪೇರಿ ಕಿಟ್ ಸಿಗೋ ರೈಲ್ ಆದ್ರೆ ಸೀಲ್ ಸಮೇತ ಬದಲಾಯ್ಸೋದೇ ವಾಸಿ.

ಸುಮ್ನೆ ಕೂತಿರೋ ಪೆಟ್ರೋಲ್ ಇಂಜೆಕ್ಟರ್ ಬಗ್ಗೆನೂ ಒಂದು ಮಾತು. ವರ್ಷಪೂರ್ತಿ ಗ್ಯಾಸಲ್ಲೇ ಓಡ್ಸಿದ್ರೆ ಆ ಇಂಜೆಕ್ಟರ್ ತುದಿಲಿ ನಿಂತಿರೋ ಪೆಟ್ರೋಲ್ ಇಂಜಿನ್ ಬಿಸಿಗೆ ಆರಿ ವಾರ್ನಿಶ್ ಥರ ಪೊರೆ ಕಟ್ತದೆ. ವಾರಕ್ಕೊಂದ್ಸಲ ಹತ್ತು ಹದಿನೈದು ಕಿಲೋಮೀಟರ್, ಮಂಡ್ಯದಿಂದ ಮದ್ದೂರಿಗೆ ಅರ್ಧ ದಾರಿ ದಾಟೋ ಅಷ್ಟು ಅನ್ಕೊಳ್ಳಿ, ಪೆಟ್ರೋಲಲ್ಲಿ ಓಡ್ಸಿ, ಟ್ಯಾಂಕಲ್ಲಿ ತಿಂಗಳಾನುಗಟ್ಲೆ ಹಳೇ ಪೆಟ್ರೋಲ್ ಇಡಬೇಡಿ, ಈಗಿನ ಪೆಟ್ರೋಲಲ್ಲಿ ಎಥನಾಲ್ ಐತೆ, ಅದು ನೀರು ಎಳ್ಕೊಳ್ತದೆ.

ಗ್ಯಾಸನ್ನ ನೇರ ಸಿಲಿಂಡರ್ ಒಳಗೇ ಬಿಡೋ ದೊಡ್ಡ ಲಾರಿ ಇಂಜಿನ್‌ಗಳ ಕಥೆ ಇನ್ನೊಂಥರ. ಅಲ್ಲಿ ಇಂಜೆಕ್ಟರ್ ಮೂತಿ ಬೆಂಕಿಗೇ ಒಡ್ಕೊಂಡಿರ್ತದೆ, ತಂಪು ಮಾಡಕ್ಕೆ ದ್ರವ ಇಂಧನ ಇಲ್ಲದಿದ್ರೆ ಮೂತಿ ಕಾಯ್ತದೆ, ಪಿಸ್ಟನ್ ರಿಂಗ್ ದಾಟಿ ಬಂದ ಇಂಜಿನ್ ಆಯಿಲ್ ಅಲ್ಲಿ ಸುಟ್ಟು ಕಾರ್ಬನ್ ಆಗಿ ಕೂರ್ತದೆ. ಅದಕ್ಕೆ ಫಿಲ್ಟರ್ ಏನೂ ಮಾಡಲ್ಲ, ಮೂತಿನ ಬೆಂಕಿಯಿಂದ ಸ್ವಲ್ಪ ಒಳಗೆ ಕೂರ್ಸೋದು, ಹೆಡ್ ಕೂಲಿಂಗ್ ಚೆನ್ನಾಗಿಡೋದು, ಆಯಿಲ್ ತಿನ್ನದಂಗೆ ಇಂಜಿನ್ ಇಟ್ಕೊಳ್ಳೋದು, ಇಷ್ಟೇ.

ನಮ್ ಜಿಲ್ಲೆಗೆ ಹತ್ರದ್ದು ಅಂದ್ರೆ ಬಯೋಗ್ಯಾಸ್. ಸಕ್ಕರೆ ಕಾರ್ಖಾನೆ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದ್ಮೇಲೆ ಉಳಿಯೋ ಮಡ್ಡಿ) ಕೊಳೆಸಿ ಸಿಬಿಜಿ, ಅಂದ್ರೆ ಶುದ್ಧ ಮಾಡಿ ಒತ್ತಿದ ಬಯೋಗ್ಯಾಸ್, ಮಾಡಬಹುದು, 2018ರಲ್ಲಿ ಕೇಂದ್ರದ ಸತತ್ ಸ್ಕೀಮ್ ಬಂದಿದ್ದೂ ಇಂಥದ್ದಕ್ಕೇ. ಹಸಿ ಬಯೋಗ್ಯಾಸಲ್ಲಿ ಹೈಡ್ರೋಜನ್ ಸಲ್ಫೈಡ್ ಇರ್ತದೆ, ತೆಗೀದೆ ಬಿಟ್ರೆ ತಾಮ್ರ, ಹಿತ್ತಾಳೆ, ಕಬ್ಬಿಣ ತಿಂದು ಕಪ್ಪು ಪುಡಿ ಮಾಡ್ತದೆ, ಆ ಪುಡಿ ಕೊನೆಗೆ ಇಂಜೆಕ್ಟರಿಗೇ ಬರೋದು. ಚರಂಡಿ ನೀರು, ಕಸದ ಗುಡ್ಡೆಯ ಗ್ಯಾಸಾದ್ರೆ ಶಾಂಪೂ ಕ್ರೀಮಿಂದ ಬಂದ ಸಿಲೊಕ್ಸೇನ್ ಅನ್ನೋ ಸಿಲಿಕಾನ್ ಅಂಶ ಬೇರೆ, ಅದು ಉರಿದ್ರೆ ಇಂಜಿನ್ ಒಳಗೆ ಮರಳು ಆದಂಗೇ. ಮನೆ ಹಿಂದಿನ ಗೋಬರ್ ಗ್ಯಾಸನ್ನ ಗಾಡಿಗೆ ತುಂಬ್ಸಬಹುದಾ ಅಂತ ಕೇಳೋ ಹುಡುಗ್ರಿಗೆ ಇದೇ ನನ್ನ ಉತ್ತರ.

ಕೊನೇದು ಹೈಡ್ರೋ ಟೆಸ್ಟ್. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಂದ್ಸಲ ಮಾಡ್ಸಲೇಬೇಕು, ಒಳಗೆ ನೀರು ತುಂಬಿ ಪ್ರೆಷರ್ ಕೊಡ್ತಾರೆ. ಆಮೇಲೆ ಸರಿಯಾಗಿ ಒಣಗಿಸದೆ ವಾಲ್ವ್ ಹಾಕಿ ಕೊಟ್ರೆ ನೀರು, ತುಕ್ಕು, ಹಳೇ ಕಂಪ್ರೆಸರ್ ಆಯಿಲ್ ಎಲ್ಲ ಕಲಸಿಕೊಂಡು ಲೈನಿಗೆ ಬರ್ತದೆ. ಟೆಸ್ಟಿಗೆ ಕೊಡೋವಾಗ್ಲೇ ಹೇಳಿ, ವಾಲ್ವ್ ಹಾಕೋ ಮುಂಚೆ ಒಳಗೆ ಲೈಟ್ ಬಿಟ್ಟು ನನಗೆ ತೋರ್ಸಿ ಅಂತ, ಹಂಗೇ ಸಿಲಿಂಡರ್ ಫಿಟ್ ಮಾಡೋ ದಿನ ಹೊಸ ಫಿಲ್ಟರ್ ಹಾಕ್ಸಿ, ಸಾವಿರ ಕಿಲೋಮೀಟರ್ ಓಡಿದ್ಮೇಲೆ ಅದನ್ನ ಇನ್ನೊಂದ್ಸಲ ಬಿಚ್ಚಿ ನೋಡಿ.