ಅತ್ತಿಯ ಹೂವು

ಕಳೆದ ಭಾನುವಾರದಿಂದ ಒಂದು ಮರಾಠಿ ಮಾತು ನನ್ನ ಕಿವಿಯಲ್ಲೇ ಕುಳಿತಿದೆ. ‘ಥಾಂಬಾ, ಬಘೂಯಾ.’ ನಿಲ್ಲಿ, ನೋಡೋಣ ಎಂದಷ್ಟೇ ಅದರ ಅರ್ಥ. ಮುಂಬಯಿಯ ಬೈಕುಲ್ಲಾದ ರಾಣಿಬಾಗಿನಲ್ಲಿ ಮಕ್ಕಳಿಗೆ ಮರಗಳ ಪರಿಚಯ ಮಾಡಿಸುತ್ತಿದ್ದ, ಮೂವತ್ತು ದಾಟಿರದ ಯುವಕನೊಬ್ಬ, ತನಗಿಂತ ಬಹಳ ಹಿರಿಯರಾದ ಒಬ್ಬ ತಂದೆಗೆ ಹೇಳಿದ ಮಾತು ಅದು. ದನಿ ಏರಿಸಲಿಲ್ಲ, ಮುಖ ಸಿಂಡರಿಸಲಿಲ್ಲ. ಎಳೆಯ ಮಗುವಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದ.

ಮೊಮ್ಮಗಳ ಹೆಸರನ್ನು ಈ ತರಗತಿಗೆ ಬರೆಸಿದವಳು ನನ್ನ ಸೊಸೆ. ಕೊನೆಯ ಗಳಿಗೆಯಲ್ಲಿ ಅವಳಿಗೆ ಕಚೇರಿಯ ಕೆಲಸ ಬಂದದ್ದರಿಂದ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಹುಡುಗಿಯನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ರಾಣಿಬಾಗ್ ಎಂದರೆ ಈಗ ಎಲ್ಲರಿಗೂ ಪೆಂಗ್ವಿನ್. ಅದು 1862ರಲ್ಲಿ ಸಸ್ಯೋದ್ಯಾನವಾಗಿ ಆರಂಭವಾದದ್ದು, ಪ್ರಾಣಿಗಳು ಆಮೇಲೆ ಬಂದವು ಎಂಬುದು ಟಿಕೆಟಿನ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ ಕಾಣೆ. ಆಫ್ರಿಕಾ ಮೂಲದ ಗೋರಖ್ ಚಿಂಚ್ (ಬಾವೊಬಾಬ್) ಮರವನ್ನು, ಅದೊಂದು ದೀಪದ ಕಂಬವೋ ಎಂಬಂತೆ ಬಳಸಿಕೊಂಡು ಜನ ಮುಂದೆ ಸಾಗುತ್ತಿದ್ದರು. ನಾನೂ ಈ ಊರಿನಲ್ಲಿ ನಲವತ್ತು ವರ್ಷ ಕಳೆದು, ಅಷ್ಟೂ ಸಲ ಹಾಗೆಯೇ ಸಾಗಿಹೋದವಳು.

ಹನ್ನೆರಡು ಮಕ್ಕಳಿದ್ದರು, ಅವರ ಹಿಂದೆ ಹೆಚ್ಚುಕಡಿಮೆ ಅಷ್ಟೇ ಪಾಲಕರು. ಮಕ್ಕಳು ಆ ಯುವಕನನ್ನು ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದರು. ಮೊದಲ ಒಂದು ಗಂಟೆ ತೊಗಟೆ ಮುಟ್ಟುವುದು, ಎಲೆ ಮೂಸುವುದು, ಕೈಕೈ ಹಿಡಿದು ಕಾಂಡದ ಸುತ್ತಳತೆ ನೋಡುವುದು ಇವುಗಳಲ್ಲಿ ಕಳೆಯಿತು. ಕೊನೆಗೆ ಪ್ರಮಾಣಪತ್ರ ಕೊಡುತ್ತೀರೋ ಇಲ್ಲವೋ ಎಂದು ಒಬ್ಬ ತಾಯಿ ಎರಡು ಸಲ ವಿಚಾರಿಸಿಕೊಂಡರು. ಇನ್ನೊಬ್ಬರು ಪ್ರತಿ ಮರಕ್ಕೂ ಮೊಬೈಲ್ ಹಿಡಿದು, ಅದು ತೋರಿಸಿದ ಹೆಸರನ್ನು ದಾದಾ ಬಾಯಿ ತೆರೆಯುವ ಮೊದಲೇ ಗಟ್ಟಿಯಾಗಿ ಓದುತ್ತಿದ್ದರು. ಇಂಥವರನ್ನು ಮಕ್ಕಳ ತರಗತಿಯ ಹೊರಗೆ ಕೂರಿಸಿ ಚಹಾ ಕೊಡುವ ವ್ಯವಸ್ಥೆ ಇರಬೇಕು ಎನಿಸಿತು.

ಆಮೇಲೆ ಉಂಬರದ ಮರದ ಕೆಳಗೆ ನಿಂತೆವು. ಉಂಬರ ಎಂದರೆ ನಮ್ಮ ಅತ್ತಿ. ಕಾಂಡಕ್ಕೇ ಅಂಟಿಕೊಂಡಂತೆ ಗೊಂಚಲುಗೊಂಚಲು ಕಾಯಿ. ಗುಂಪಿನಲ್ಲಿದ್ದ ವೃದ್ಧೆಯೊಬ್ಬರು ದತ್ತಾತ್ರೇಯರನ್ನು ನೆನೆದು ಚಪ್ಪಲಿ ಬಿಟ್ಟು ಕೈಮುಗಿದರು. ಅವರು ಕಣ್ಣು ತೆರೆಯುವವರೆಗೆ ದಾದಾ ಕಾದ. ನಂತರ, ‘ಉಂಬರದ ಹೂವು ನೋಡಿದವರು ಯಾರಿದ್ದೀರಿ?’ ಎಂದು ಕೇಳಿದ. ಹಿರಿಯರೆಲ್ಲ ನಕ್ಕರು. ಅಪರೂಪಕ್ಕೆ ಕಾಣಸಿಗುವವರನ್ನು ಮರಾಠಿಯಲ್ಲಿ ‘ಉಂಬರಾಚಂ ಫೂಲ್’ ಎನ್ನುತ್ತಾರೆ. ನಿವೃತ್ತಳಾದ ಮೇಲೆ ಮಹಡಿ ಇಳಿಯುವುದೇ ಕಡಿಮೆಯಾದ ನನ್ನನ್ನು ನೆರೆಮನೆಯಾಕೆ ಕರೆಯುವುದೂ ಹಾಗೆಯೇ. ನಮ್ಮ ಕಡೆಯೂ ಅತ್ತಿಯ ಹೂವು ಎಂದರೆ ಕಾಣದ್ದು, ಸಿಗದ್ದು.

ಗಿಳಿಯೋ ಅಳಿಲೋ ಕೆಡವಿದ, ಆಗಷ್ಟೇ ಕೆಂಪೇರುತ್ತಿದ್ದ ಹಣ್ಣುಗಳನ್ನು ಆರಿಸಿ, ಇಬ್ಬರಿಗೆ ಒಂದರಂತೆ ಹಂಚಿ, ಬೆರಳಿನಿಂದ ಸೀಳಲು ಹೇಳಿದ. ಸೀಳಿದ್ದೇ ತಡ, ನನ್ನ ಮೊಮ್ಮಗಳ ಪಕ್ಕದ ಹುಡುಗನ ಅಂಗೈ ಮೇಲೆ ಎಳ್ಳಿಗಿಂತ ಸಣ್ಣ ಕಪ್ಪು ಜೀವಿಗಳು ಪಿಳಪಿಳನೆ ಹೊರಬಂದವು. ಅವನ ತಂದೆ, ‘ಹುಳ, ಎಸೆದುಬಿಡು!’ ಎಂದು ಧಾವಿಸಿ ಮಗನ ಕೈಗೆ ಕೈಹಾಕಿದರು. ಆ ಕೈಯನ್ನು ದಾದಾ ಮೃದುವಾಗಿ ತಡೆದು ಹೇಳಿದ: ‘ಥಾಂಬಾ, ಬಘೂಯಾ.’

ಆಮೇಲೆ ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಒಂದು ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಹಣ್ಣಿನ ಒಳಗೋಡೆಯ ತುಂಬ ಕೂದಲಿನಂತೆ ಒತ್ತಾಗಿ ನಿಂತಿದ್ದವುಗಳಲ್ಲಿ ಒಂದೊಂದೂ ಒಂದು ಹೂವು. ರೆಕ್ಕೆಯಿದ್ದ ಕಪ್ಪನೆಯವು ಹೆಣ್ಣು ಕಣಜಗಳು, ರೆಕ್ಕೆಯಿಲ್ಲದೆ ಬಿಳಿಚಿಕೊಂಡು ತೆವಳುತ್ತಿದ್ದವು ಗಂಡು. ಎರಡು ಮಿಲಿಮೀಟರ್ ಉದ್ದದ ಹೆಣ್ಣು ಬೇರೊಂದು ಕಾಯಿಯ ಪರಾಗವನ್ನು ಹೊತ್ತು ತಂದು, ತುದಿಯ ಕಿರುರಂಧ್ರದಲ್ಲಿ ರೆಕ್ಕೆ ಹರಿದುಕೊಂಡು ಒಳಗೆ ನುಗ್ಗಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಉಳಿದವಕ್ಕೆ ಪರಾಗ ಸೋಕಿಸಿ ಅಲ್ಲೇ ಸಾಯುತ್ತದೆ. ಮುಂದೆ ಹುಟ್ಟುವ ಗಂಡುಗಳು ಹೆಣ್ಣುಗಳ ಜೊತೆ ಕೂಡಿ, ಅವು ಹಾರಿಹೋಗಲು ಗೋಡೆಯಲ್ಲಿ ಸುರಂಗ ಕೊರೆದುಕೊಟ್ಟು ಸಾಯುತ್ತವೆ. ಈ ಕಣಜ ಇಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ, ಅತ್ತಿ ಇಲ್ಲದಿದ್ದರೆ ಕಣಜಕ್ಕೆ ಮನೆಯಿಲ್ಲ. ಇದಿಷ್ಟನ್ನೂ ದಾದಾ ಒಂದೊಂದೇ ಪ್ರಶ್ನೆ ಕೇಳುತ್ತ ಮಕ್ಕಳ ಬಾಯಿಂದಲೇ ಹೊರಡಿಸಿದ. ಸೆರಟೊಸೊಲೆನ್ ಫ್ಯೂಸಿಸೆಪ್ಸ್ ಎಂಬ, ಆ ಕಣಜದ ವೈಜ್ಞಾನಿಕ ಹೆಸರು, ಒಬ್ಬ ಹುಡುಗ ಕೇಳಿದ್ದರಿಂದ, ಕಟ್ಟಕಡೆಗೆ ಬಂತು.

ಮೊಮ್ಮಗಳು ಕನ್ನಡದಲ್ಲಿ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: ‘ಅಜ್ಜಿ, ಇದು ಯಾವಾಗಲೂ ಹೂ ಬಿಡ್ತದೆ. ಬಾಗಿಲು ಹಾಕ್ಕೊಂಡು ಬಿಡ್ತದೆ ಅಷ್ಟೇ.’

ನಾನು ವಿಜ್ಞಾನದ ಶಿಕ್ಷಕಿಯಾಗಿದ್ದವಳು. ಈ ನಗರದ ಒಂದು ಕನ್ನಡ ರಾತ್ರಿ ಪ್ರೌಢಶಾಲೆಯಲ್ಲಿ 26 ವರ್ಷ ಪಾಠ ಮಾಡಿದ್ದೇನೆ. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಮುಖ ತೊಳೆದುಕೊಂಡು ಓಡಿಬರುತ್ತಿದ್ದ ಹುಡುಗರು ನನ್ನ ವಿದ್ಯಾರ್ಥಿಗಳು. ಪರಾಗಸ್ಪರ್ಶದ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಸೀಳಿದ ಅತ್ತಿಕಾಯಿಯ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸುತ್ತಿದ್ದೆ. ಗಂಡು ಹೂವು, ಹೆಣ್ಣು ಹೂವು, ಕಣಜ ಮೊಟ್ಟೆಯಿಡುವ ಗಂಟು ಹೂವು ಎಂದು ಬಾಣ ಎಳೆದು ಗುರುತಿಸುತ್ತಿದ್ದೆ. ಶಾಲೆಯ ಗೇಟಿನ ಪಕ್ಕದಲ್ಲಿ, ಬೀದಿದೀಪದ ನೇರ ಕೆಳಗೆ, ಒಂದು ಅತ್ತಿಮರವಿತ್ತು. ಹುಡುಗರ ಚಪ್ಪಲಿಗೆ ಅದರ ಹಣ್ಣು ಮೆತ್ತಿಕೊಂಡು ಮೆಟ್ಟಿಲೆಲ್ಲ ಅಂಟಂಟಾಗುತ್ತಿತ್ತು. ಗಲೀಜು ಮಾಡಬೇಡಿ ಎಂದು ಗದರಿ, ಕಾಲು ಒರೆಸಿಕೊಂಡು ಬರುವಂತೆ ಹೇಳಿ, ಒಳಗೆ ಹೋಗಿ ಅದೇ ಹಣ್ಣಿನ ಚಿತ್ರ ಬಿಡಿಸುತ್ತಿದ್ದವಳು ನಾನು. 26 ವರ್ಷಗಳಲ್ಲಿ ಒಮ್ಮೆಯೂ, ಒಂದೇ ಒಂದು ಹಣ್ಣನ್ನು ಎತ್ತಿ ಸೀಳಿದವಳಲ್ಲ.

1994ರಲ್ಲೋ ಏನೋ, ಕುಂದಾಪುರದ ಕಡೆಯ ಹುಡುಗನೊಬ್ಬ ಎದ್ದುನಿಂತು ಕೇಳಿದ್ದ: ‘ಟೀಚರ್, ಅತ್ತಿ ಹೂವು ನಡುರಾತ್ರಿ ಅರಳ್ತದಂತೆ, ಕಂಡವರು ರಾಜರಾಗ್ತಾರಂತೆ, ಅಜ್ಜಿ ಹೇಳ್ತಾರೆ, ಹೌದಾ?’ ತರಗತಿ ಗೊಳ್ಳೆಂದು ನಕ್ಕಿತು. ಅದೆಲ್ಲ ಮೂಢನಂಬಿಕೆ, ಕೂತುಕೋ, ಚಿತ್ರ ಬರೆದುಕೋ ಎಂದಿದ್ದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮರ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ದೀಪವೂ ಉರಿಯುತ್ತಿತ್ತು. ನಡೆಯಿರಿ ನೋಡೋಣ ಎಂದಿದ್ದರೆ ಪಾಠದ ಹತ್ತು ನಿಮಿಷ ಹೋಗುತ್ತಿತ್ತು, ಅಷ್ಟೇ. ಸಿಲಬಸ್ ಮುಗಿಸುವ ಅವಸರ, ಒಂಬತ್ತೂವರೆಯ ಲೋಕಲ್ ಎಂದು ಈಗ ನೂರು ಕಾರಣ ಕೊಡಬಹುದು. ನಿಜವಾದ ಕಾರಣ, ಚಿತ್ರ ಬರುತ್ತಿದ್ದ ನನಗೆ ಹಣ್ಣು ಬೇಕು ಅನಿಸಿರಲೇ ಇಲ್ಲ. ಅತ್ತಿಯ ಹಣ್ಣು ಬಿಚ್ಚಿದರೆ ಬರೀ ಹುಳು ಎಂಬ ಗಾದೆಯನ್ನು ಹೊರಗೆ ಚೆಂದ, ಒಳಗೆ ಕೊಳಕು ಎಂಬರ್ಥದಲ್ಲಿ ಎಷ್ಟು ಸಲ ಹೇಳಿದ್ದೇನೋ! ಮಗನ ಕೈಯಿಂದ ಹಣ್ಣು ಕಿತ್ತೆಸೆಯಲು ಹೋದ ಆ ತಂದೆಯನ್ನು ಮನಸ್ಸಿನಲ್ಲೇ ಹಳಿಯುತ್ತಿದ್ದವಳು, ಮರುಗಳಿಗೆಗೆ ಸುಮ್ಮನಾದೆ.

ಆ ಹುಡುಗನಿಗೆ ಈಗ ಮುಲುಂಡಿನಲ್ಲಿ ಸ್ವಂತ ಹೋಟೆಲಿದೆ. ಶಿಕ್ಷಕರ ದಿನಕ್ಕೆ ತಪ್ಪದೆ ಫೋನ್ ಮಾಡುತ್ತಾನೆ. ಸೋಮವಾರ ಸಂಜೆ ನಾನೇ ಅವನಿಗೆ ಫೋನ್ ಮಾಡಿ, ‘ಅತ್ತಿಯ ಹೂವು ನೋಡಿ ಬಂದೆ ಮಾರಾಯ’ ಎಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಅವನು ಕೇಳಿದ್ದನ್ನು ನೆನಪಿಸಿದೆ.

‘ನಾನು ಕೇಳಿದ್ದಾ ಟೀಚರ್? ಇಲ್ಲಪ್ಪ, ನೆನಪಿಲ್ಲ. ಆ ಹಣ್ಣು ಮೆಟ್ಟಿ ಒಳಗೆ ಬಂದು ನಿಮ್ಮ ಹತ್ತಿರ ಬೈಸಿಕೊಂಡದ್ದು ಮಾತ್ರ ಲಾಯ್ಕ ನೆನಪಿದೆ’ ಎಂದು ನಕ್ಕ. ಹಿಂದಿನಿಂದ ಯಾರೋ ಬಿಲ್ಲಿಗಾಗಿ ಕೂಗುತ್ತಿದ್ದರು. ನಾನು ಫೋನ್ ಇಡುವಷ್ಟರಲ್ಲಿ ಅವನೇ ಕೇಳಿದ:

‘ಇನ್ನೊಂದು ಸಲ ಅದು ಯಾವ ಭಾನುವಾರ ಟೀಚರ್? ನನಗೆ ಬಿಡುವಾಗ್ಲಿಕ್ಕಿಲ್ಲ. ಮಗ ಐದನೇ ಕ್ಲಾಸು. ನೀವು ಕರ್ಕೊಂಡು ಹೋಗ್ತೀರಾ?’