26 ಫ್ರೇಮು ಮುಂದೆ

ನಮ್ಮ ವಿಜ್ಞಾನದ ಮೇಷ್ಟ್ರು ಕಳೆದ ಮಳೆಗಾಲದಲ್ಲಿ ತೀರಿಕೊಂಡ ಸುದ್ದಿ ಬಂದಾಗ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರೂ ಓಮನ ನಿಯಮದ ಮಾತೆತ್ತಲಿಲ್ಲ. ಎಲ್ಲರೂ ಬರೆದದ್ದು ಪ್ರೊಜೆಕ್ಟರಿನ ಬಗ್ಗೆ. ಚಿಕ್ಕಮಗಳೂರಿನಲ್ಲಿ ಟಾಕೀಸು ಇರಲಿಲ್ಲವೆಂದಲ್ಲ. ಆದರೆ ಟಾಕೀಸಿನಲ್ಲಿ ಯಂತ್ರದ ಕೋಣೆಗೆ ಯಾರು ಬಿಡುತ್ತಾರೆ? ನಮ್ಮ ಶಾಲೆಯ ಹಾಲಿನಲ್ಲಿ ಶನಿವಾರ ಸಂಜೆ ತೋರಿಸುತ್ತಿದ್ದ 16 ಎಂಎಂ ಅಗಲದ ಫಿಲ್ಮಿನ ಸಿನಿಮಾಕ್ಕೆ ಯಂತ್ರವೇ ಹೀರೋ.

ಬೆಂಗಳೂರಿನ ಗಾಂಧಿನಗರದಿಂದ ತಗಡಿನ ಡಬ್ಬಗಳು ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದವು. ಎರಡೂಕಾಲು ಗಂಟೆಯ ಚಿತ್ರಕ್ಕೆ ಮೂರು ರೀಲು. ಲೆಕ್ಕ ಸರಳ: 16 ಎಂಎಂನಲ್ಲಿ ಒಂದು ಅಡಿಗೆ 40 ಫ್ರೇಮು (ಅಂದರೆ ಬಿಡಿ ಚಿತ್ರ), ಸೆಕೆಂಡಿಗೆ 24 ಓಡಿದರೆ ನಿಮಿಷಕ್ಕೆ 36 ಅಡಿ, 1600 ಅಡಿಯ ರೀಲು ಸುಮಾರು 44 ನಿಮಿಷ. ಲೆಕ್ಕದ ಮೇಷ್ಟ್ರು ವರ್ಷವಿಡೀ ಹೇಳಿಕೊಟ್ಟ ಗುಣಾಕಾರಕ್ಕಿಂತ ಈ ಗುಣಾಕಾರ ಬೇಗ ತಲೆಗೆ ಹತ್ತಿತು.

ಫಿಲ್ಮು ಏರಿಸುವುದನ್ನು ನೋಡಲು ಪ್ರೊಜೆಕ್ಟರಿನ ಸುತ್ತ ನೂಕುನುಗ್ಗಲು. ಬೆಳಕು ಹಾಯುವ ಕಿಂಡಿಯೇ ಗೇಟು. ಅದರ ಮೇಲೊಂದು ಲೂಪು, ಕೆಳಗೊಂದು ಲೂಪು, ಅಂದರೆ ಫಿಲ್ಮನ್ನು ಸಡಿಲ ಬಿಟ್ಟ ಬಳುಕು. ಈ ಲೂಪಿನ ಮಹತ್ವ ಹೇಳದೆ ಮೇಷ್ಟ್ರು ಸ್ವಿಚ್ ಹಾಕಿದವರೇ ಅಲ್ಲ. ಗೇಟಿನಲ್ಲಿ ಫಿಲ್ಮು ಓಡುವುದಿಲ್ಲ, ತಡವರಿಸುತ್ತದೆ: ಉಗುರಿನಂಥ ಒಂದು ಹಲ್ಲು ತೂತಿಗೆ ಸಿಕ್ಕಿ ಎಳೆಯುತ್ತದೆ, ಬಿಡುತ್ತದೆ, ಫ್ರೇಮು ಅರೆಗಳಿಗೆ ನಿಲ್ಲುತ್ತದೆ, ಮತ್ತೆ ಎಳೆತ. ಆದರೆ ಅದರ ಮುಂದೆ ಶಬ್ದ ಓದುವ ಡ್ರಮ್ಮಿನ ಮೇಲೆ ಅದೇ ಫಿಲ್ಮು ತೈಲಧಾರೆಯಂತೆ ಹರಿಯಬೇಕು, ಇಲ್ಲದಿದ್ದರೆ ಮಾತು ಗಡಗಡ ನಡುಗುತ್ತದೆ. ಈ ತಡವರಿಕೆ ಡ್ರಮ್ಮಿನವರೆಗೆ ಮುಟ್ಟದಂತೆ ನಡುವೆ ನಿಂತು ತಡೆಯುವುದು ಕೆಳಗಿನ ಲೂಪು. ಅದಕ್ಕೇ ಒಂದು ಫ್ರೇಮಿನ ಮಾತನ್ನು ಅದರ ಪಕ್ಕದಲ್ಲೇ ಅಚ್ಚು ಹಾಕುವುದಿಲ್ಲ, 26 ಫ್ರೇಮು ಮುಂದೆ ಹಾಕಿರುತ್ತಾರೆ. ಆ ಲೂಪು ದೊಡ್ಡದಾದರೆ ತುಟಿ ಅಲ್ಲಾಡಿದ ಮೇಲೆ ಮಾತು ಬರುತ್ತದೆ. ಬಿಗಿದುಕೊಂಡರೆ ಚಿತ್ರ ಎಗರಾಡುತ್ತದೆ, ತೂತುಗಳು ಹರಿಯುತ್ತವೆ. “ಶಬ್ದ ಮುಂದೆ, ಚಿತ್ರ ಹಿಂದೆ, ಇಪ್ಪತ್ತಾರು. ಮರೀಬೇಡಿ ಕಣ್ರೋ” ಅನ್ನುತ್ತಿದ್ದರು. ಮರೆತಿಲ್ಲ ಸಾರ್.

ಹರಿದರೆ ಅಂಟಿಸುವ ಕೆಲಸ. ಎರಡೂ ತುದಿ ನೇರಕ್ಕೆ ಕತ್ತರಿಸಿ, ಒಂದು ತುದಿಯ ಎಮಲ್ಷನ್ನನ್ನು, ಅಂದರೆ ಚಿತ್ರವಿರುವ ಪದರವನ್ನು, ಬ್ಲೇಡಿನಿಂದ ಪೂರ್ತಿ ಕೆರೆದು, ಫಿಲ್ಮು ಅಂಟಿಸುವ ಸಿಮೆಂಟು ತೆಳುವಾಗಿ ಸವರಿ ಒತ್ತಿ ಹಿಡಿಯಬೇಕು. ಕೆರೆಯುವುದರಲ್ಲಿ ಸೋಮಾರಿತನ ಮಾಡಿದರೆ ಗೇಟಿನ ಬಳಿ ಬಂದು ಬಿಟ್ಟುಕೊಳ್ಳುತ್ತದೆ, ಯಾಕೆಂದರೆ ಸಿಮೆಂಟು ಹಿಡಿಯುವುದು ಕೆಳಗಿನ ಅಸಿಟೇಟ್ ಪಟ್ಟಿಯನ್ನು, ಮೇಲಿನ ಎಮಲ್ಷನ್ನಿನ ಜಿಲಾಟಿನ್ನನ್ನಲ್ಲ. ಮಳೆಗಾಲದಲ್ಲಿ ಇನ್ನೊಂದು ಕಾಟ, ಬೂಷ್ಟು. ಮಲೆನಾಡಿನ ಥಂಡಿಗೆ ಲೆನ್ಸಿನ ಒಳಗೂ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬುತ್ತದೆ. ಲ್ಯಾಬಿನ ಬೀರುವಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು 40 ವ್ಯಾಟ್ ಬಲ್ಬು ಹಗಲೂ ರಾತ್ರಿ ಉರಿಯುತ್ತಿದ್ದದ್ದು ಅದಕ್ಕೇ. ಕರೆಂಟ್ ಬಿಲ್ಲಿನ ಬಗ್ಗೆ ಆಫೀಸಿನವರು ಗೊಣಗಿದ್ದೂ ಉಂಟು.

ಪರದೆ ಅಂದರೆ ಗಂಜಿ ಹಾಕಿದ ಬಿಳಿ ಪಂಚೆ, ಎರಡು ಸೇರಿಸಿ ಹೊಲಿದದ್ದು. ಜಾಗ ಸಾಲದೆ ಪರದೆಯ ಹಿಂದೆ ಕೂತವರಿಗೆ ಅಕ್ಷರವೆಲ್ಲ ಉಲ್ಟಾ, ನಟರೆಲ್ಲ ಎಡಚರು.

ಆ ಪ್ರಸಿದ್ಧ ಶನಿವಾರದ ಕಥೆ ಗೊತ್ತಿಲ್ಲದವರು ನಮ್ಮ ಬ್ಯಾಚಿನಲ್ಲಿಲ್ಲ. ಹಾಸ್ಟೆಲಿನ ಕೆಲವರು ಎರಡನೇ ಮತ್ತು ಮೂರನೇ ರೀಲಿನ ಡಬ್ಬದ ಚೀಟಿ ಅದಲು ಬದಲು ಮಾಡಿಟ್ಟರು. ಮೊದಲ ರೀಲಿನಲ್ಲಿ ಗಟ್ಟಿಮುಟ್ಟಾಗಿದ್ದ ಅಜ್ಜ ಇದ್ದಕ್ಕಿದ್ದಂತೆ ಚಿತೆಯ ಮೇಲೆ. “ಶುಭಂ” ಬಿದ್ದು, ಅರ್ಧ ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಇನ್ನೊಂದು ರೀಲು ಉಳಿದಿತ್ತು! ಮೇಷ್ಟ್ರು ತುಟಿಪಿಟಕ್ಕೆನ್ನದೆ ಅದನ್ನೂ ಏರಿಸಿದರು. ಸತ್ತ ಅಜ್ಜ ಎಲೆಯಡಿಕೆ ಹಾಕಿಕೊಳ್ಳುತ್ತ ಜಗುಲಿಗೆ ಬಂದಾಗ ಬಿದ್ದ ಶಿಳ್ಳೆ ಯಾವ ಸ್ಟಾರಿಗೂ ಬಿದ್ದಿರಲಾರದು. ಸೋಮವಾರ ಬೆತ್ತ ಬರಲಿಲ್ಲ. ಫಿಲ್ಮು ಸುತ್ತುವ ರೀವೈಂಡರ್ ಮುಂದೆ ಕೂರಿಸಿ, ಫಿಲ್ಮಿನ ಅಂಚನ್ನು ಹತ್ತಿಬಟ್ಟೆಯಲ್ಲಿ ಹಿಡಿದು ಹರಿದ ತೂತು ಹುಡುಕಿಸಿದರು, ಒಂದು ಇಡೀ ರೀಲು, 64,000 ಫ್ರೇಮು. ಜೊತೆಗೆ, “ತಪ್ಪು ನಂದೂ ಇದೆ, ರೀಲಿನ ನಂಬರು ಶುರುವಿನ ಪಟ್ಟಿ, ಅದೇ ಲೀಡರಿನ ಮೇಲಿರುತ್ತೆ, ನಾನು ಚೀಟಿ ನಂಬಿದೆ” ಅಂದರು. ಚೀಟಿ ಬದಲಿಸಿದವರ ಪೈಕಿ ಒಬ್ಬರು ಇವತ್ತು ಈ ಊರಿನಲ್ಲಿ ಬಹಳ ಮರ್ಯಾದಸ್ಥರು, ಈ ಪತ್ರಿಕೆಗೂ ಬರೆಯುತ್ತಾರೆ. ಹೆಸರು ಬೇಡ.

ಸೋಮವಾರದ ಕ್ವಿಜ್ಜು ಇನ್ನೊಂದು ಹಬ್ಬ. ಹೀರೋ ಯಾರೆಂದು ಮೇಷ್ಟ್ರು ಕೇಳಿದವರಲ್ಲ. ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ತಂದ ಮೊದಲ ಕನ್ನಡ ಚಿತ್ರ ‘ಸಂಸ್ಕಾರ’ ಎಂದರೆ ಸಾಲದು, ಚಿತ್ರೀಕರಣ ನಮ್ಮ ಶೃಂಗೇರಿ ಸೀಮೆಯ ವೈಕುಂಠಪುರದಲ್ಲಿ, ಕ್ಯಾಮೆರಾ ಆಸ್ಟ್ರೇಲಿಯದ ಟಾಮ್ ಕೋವನ್ ಎಂದೂ ಹೇಳಬೇಕು. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಕಥೆ ಪಕ್ಕದ ಹಾಸನ ಜಿಲ್ಲೆಯ ಗೊರೂರರದು, ಶೂಟಿಂಗ್ ನಮ್ಮ ಕಳಸಾಪುರದಲ್ಲಿ, ಉಪ್ಪಿನಕಾಯಿ ತಿಂದವರು ಲೋಕನಾಥ್. ಎಲ್ಲರೂ ತಲೆ ತಗ್ಗಿಸಿದ ಪ್ರಶ್ನೆ ಒಂದಿತ್ತು: ಮೂಡಿಗೆರೆಯ ತೇಜಸ್ವಿಯವರ ಕಥೆಯಿಂದ ಕಾಸರವಳ್ಳಿ ಮಾಡಿದ ‘ತಬರನ ಕಥೆ’ಗೂ, ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೂ ಏನು ಸಂಬಂಧ? ಸಂಗೀತ. ಎರಡೂ ಎಲ್. ವೈದ್ಯನಾಥನ್ ಅವರದು. ಟಿವಿಯಲ್ಲಿ ಆರ್.ಕೆ. ಲಕ್ಷ್ಮಣರ ಗೆರೆಚಿತ್ರ ಬಂದ ಕೂಡಲೇ ಊರೆಲ್ಲ ಗುನುಗಿದ “ತಾನಾ ನನ” ಯಾರದೆಂದು ಯಾರೂ ನೋಡಿರಲಿಲ್ಲ. ನಮ್ಮ ಬೆಂಚಿನಿಂದ ಉತ್ತರ ಬಂತೆಂದು ಬರೆದರೆ ಜಂಭವೆನ್ನುತ್ತೀರಿ. ಆದರೂ ಬಂತು.

ಟೈಟಲ್ ಓಡುವಾಗ ಮಾತಾಡಿದವರನ್ನು ಮೇಷ್ಟ್ರು ಹೊರಗೆ ಕಳಿಸುತ್ತಿದ್ದರು. ಈಗ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡಿದೆ, ಸಂತೋಷ. ಮೊನ್ನೆ ಹೋದಾಗ ಒಂದು ಸಾಕ್ಷ್ಯಚಿತ್ರ ಹಾಕಿದ್ದರು. ಹೆಸರುಗಳು ಬರುತ್ತಿದ್ದಂತೆ ಟೀಚರಮ್ಮ ಬೆರಳಿನಿಂದ ಓಡಿಸಿಬಿಟ್ಟರು.

ಪ್ರೊಜೆಕ್ಟರು ಲ್ಯಾಬಿನ ಬೀರುವಿನಲ್ಲೇ ಇದೆ, ಆ 40 ವ್ಯಾಟ್ ಬಲ್ಬು ಮಾತ್ರ ಇಲ್ಲ. ಯಾರಾದರೂ ಹುಡುಗರು ಓಡಿಸುವ ಮನಸ್ಸು ಮಾಡಿದರೆ: ಮೊದಲು ಬೆಲ್ಟು ಜೋಲಿದೆಯೇ ನೋಡಿ. ಗೇಟಿನ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ, ಲೋಹದಿಂದ ಕೆರೆಯಬೇಡಿ. ಫಿಲ್ಮು ಏರಿಸಿದ ಮೇಲೆ ಪಕ್ಕದ ಗುಬುಟನ್ನು ಕೈಯಲ್ಲಿ ತಿರುಗಿಸಿ, ಎರಡೂ ಲೂಪು ಹಾಗೇ ಉಳಿಯುತ್ತವೆಯೇ ಗಮನಿಸಿ. ಆಮೇಲೆ ಮೋಟಾರು, ಅದರ ನಂತರವೇ ಲ್ಯಾಂಪು. ನಿಂತ ಫಿಲ್ಮಿಗೆ ಲ್ಯಾಂಪು ಬಿದ್ದರೆ ಬೊಬ್ಬೆ ಎದ್ದು ಕರಗುತ್ತದೆ. ಮತ್ತೆ, ರೀಲಿನ ನಂಬರು ಲೀಡರಿನ ಮೇಲೆ ನೋಡಿ. ಡಬ್ಬದ ಚೀಟಿ ನಂಬಬೇಡಿ.