ಅಮ್ಮನ ಪಾಡನ್ನು ನಗೆಗತೆ ಮಾಡುವುದು ಸರಿಯೇ?

ನಾನು ಬರೆಯುವುದು ನಗೆಗತೆಗಳನ್ನು. ಅವುಗಳಲ್ಲಿ ಮತ್ತೆ ಮತ್ತೆ ಬರುವವಳು ವಸುಧಾ. ಮೈಸೂರಿನ ಒಂದು ಬ್ಯಾಂಕ್ ಶಾಖೆಯ ಕ್ಯಾಶ್ ಕೌಂಟರಿನಲ್ಲಿ ಕೂರುವವಳು, ಎರಡು ಮಕ್ಕಳ ತಾಯಿ. ಕಥೆ ಓದಿದವರು ಸಿಕ್ಕಾಗ, ಅದರಲ್ಲೂ ಕೆಲಸಕ್ಕೆ ಹೋಗುವ ಹೆಂಗಸರು, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಓದ್ತಾ ತುಂಬಾ ನಕ್ಕೆ ಮೇಡಂ. ಆಮೇಲೆ ಯಾಕೋ ಬೇಜಾರಾಯ್ತು. ನಾವು ದಿನಾ ಪಡೋ ಪಾಡನ್ನ ಹೀಗೆ ತಮಾಷೆ ಮಾಡಬಹುದಾ?"

ನ್ಯಾಯವಾದ ಪ್ರಶ್ನೆ. ಮಾಡಬಹುದು ಎಂದೇ ನನ್ನ ಉತ್ತರ. ಆದರೆ ನಗು ಯಾರ ಮೇಲೆ ಬೀಳುತ್ತಿದೆ ಎನ್ನುವುದನ್ನು ಬರೆಯುವವರು ಒಂದು ಗಳಿಗೆಯೂ ಮರೆಯುವಂತಿಲ್ಲ. ಅದನ್ನು ಹೇಳಲು ನನ್ನದೇ ಒಂದು ಕಥೆ ತೆಗೆದುಕೊಳ್ಳುತ್ತೇನೆ.

ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ. ವಸುಧಾಳ ಮಗಳು ಒನಕೆ ಓಬವ್ವ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದುರುಳಿಸಿದ ಓಬವ್ವ. ಸ್ಪರ್ಧೆ ಶುಕ್ರವಾರ ಎಂದು ವಸುಧಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ಪುಟ್ಟ ಇಳಕಲ್ ಸೀರೆಗೆ ಕಚ್ಚೆ ಹೊಲಿಯಲು ಟೈಲರಿಗೆ ಕೊಟ್ಟಿದ್ದಾಳೆ, ಗುರುವಾರ ಸಂಜೆ ಸಿಗುತ್ತದೆ. ಒನಕೆಯನ್ನು ರಟ್ಟಿನಲ್ಲಿ ಮಾಡಿಕೊಡುತ್ತೇನೆಂದು ಗಂಡ ಒಪ್ಪಿಕೊಂಡಿದ್ದಾನೆ. ಮಂಗಳವಾರ ರಾತ್ರಿ ಒಂಬತ್ತೂಕಾಲಿಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ: ಅನಿವಾರ್ಯ ಕಾರಣದಿಂದ ಸ್ಪರ್ಧೆ ನಾಳೆಯೇ. ಅದರ ಕೆಳಗೆ ಸಾಲಾಗಿ ಹೆಬ್ಬೆರಳು, ಎಲ್ಲವೂ ಅಮ್ಮಂದಿರದ್ದು.

ರಟ್ಟು ಅಂಗಡಿ ಮುಚ್ಚಿದೆ. ಕುವೆಂಪುನಗರದ ಎರಡನೇ ಮಹಡಿಯ ಮನೆಯಲ್ಲಿ ಮಿಕ್ಸಿ ಇದೆ, ಗ್ರೈಂಡರ್ ಇದೆ, ಒನಕೆ ಎಲ್ಲಿಂದ ಬರಬೇಕು? "ಹುಣಸೂರಿನ ಮನೇಲಿ ಎರಡಿತ್ತು" ಅನ್ನುತ್ತಾರೆ ಅತ್ತೆ. ಕೊನೆಗೆ ಕೆಳಮನೆಯ ಅಜ್ಜಿ ಅಟ್ಟದಿಂದ ಅಸಲಿ ಒನಕೆಯನ್ನೇ ಇಳಿಸಿಕೊಡುತ್ತಾರೆ, ಮಗಳಿಗಿಂತ ಉದ್ದದ್ದು. ಬೆಳಿಗ್ಗೆ ಸ್ಕೂಲ್ ವ್ಯಾನಿನ ಡ್ರೈವರ್ ಮಗುವನ್ನು ಹತ್ತಿಸಿಕೊಳ್ಳುತ್ತಾನೆ, ಒನಕೆಯನ್ನಲ್ಲ. ಸರಿ, ವಸುಧಾ ಅದನ್ನು ಹಿಡಿದು ಸಿಟಿ ಬಸ್ ಹತ್ತುತ್ತಾಳೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. "ನಿಮಗೆ ಫ್ರೀ ಅಕ್ಕ, ಇದಕ್ಕೇನ್ ಕೊಡ್ಲಿ?" ಎಂದು ಕಂಡಕ್ಟರ್ ಒನಕೆ ನೋಡಿಕೊಂಡು ಯೋಚಿಸುತ್ತಾನೆ. ಶಾಲೆಯ ಗೇಟಿನಲ್ಲಿ, ಪೋಷಕರಿಗೆ ಪ್ರವೇಶ ಹನ್ನೊಂದಕ್ಕೆ. ಇವಳ ಕೌಂಟರ್ ತೆರೆಯುವುದು ಹತ್ತಕ್ಕೆ. ಒನಕೆ ಬ್ಯಾಂಕಿಗೆ ಬರುತ್ತದೆ. ಬಾಗಿಲಲ್ಲಿ, ದಿನಾ ನಮಸ್ಕಾರ ಹೇಳುವ ಗಾರ್ಡ್, ಹೆಗಲ ಮೇಲೆ ಬಂದೂಕು ಇಟ್ಟುಕೊಂಡು, ಅಡ್ಡ ನಿಲ್ಲುತ್ತಾರೆ. "ಮೇಡಂ, ಆಯುಧ ಒಳಗೆ ಬಿಡೋ ಹಾಗಿಲ್ಲ." ಪಾಸ್‌ಬುಕ್ ಎಂಟ್ರಿಗೆ ಬಂದ ನಿವೃತ್ತ ಮೇಷ್ಟ್ರೊಬ್ಬರು ವಿಷಯ ತಿಳಿದು, ತಮ್ಮ ಸ್ಕೂಟರಿನ ಮುಂದೆ ಅದನ್ನು ಅಡ್ಡ ಇಟ್ಟುಕೊಂಡು ಶಾಲೆಗೆ ಹೊರಡುತ್ತಾರೆ.

ಈ ಕಥೆಯಲ್ಲಿ ವಸುಧಾ ತಪ್ಪಿದ್ದೆಲ್ಲಿ? ಎಲ್ಲೂ ಇಲ್ಲ. ಅವಳು ಮರೆತಿಲ್ಲ, ತಡ ಮಾಡಿಲ್ಲ, ಕಂಗಾಲಾಗಿಲ್ಲ. ಶಾಲೆ, ವ್ಯಾನು, ಬಸ್ಸು, ಗೇಟು, ಬ್ಯಾಂಕು ತಂತಮ್ಮ ನಿಯಮವನ್ನು ಸರಿಯಾಗಿ ಪಾಲಿಸಿದವು. ಆ ಐದೂ ನಿಯಮಗಳನ್ನು ಹಿಡಿದ ಗಂಟು ಮಾತ್ರ ಒಬ್ಬಳ ಕೈಯಲ್ಲಿದೆ. ಅಮ್ಮಂದಿರ ಗಡಿಬಿಡಿಯ ಕಥೆಯನ್ನು ಅವ್ಯವಸ್ಥೆಯ ಕಥೆ ಅಂದುಕೊಳ್ಳುತ್ತಾರೆ. ನನಗೆ ಕಾಣುವುದು ಅತಿಯಾದ ವ್ಯವಸ್ಥೆ. ಯೋಜನೆಯೇ ಇಲ್ಲದವರ ಬದುಕಿನಲ್ಲಿ ಕೆಡಲು ಏನಿರುತ್ತದೆ? ಹಿಂದಿನ ರಾತ್ರಿಯೇ ಕಾಳು ನೆನೆಹಾಕಿ, ಹಿಟ್ಟು ರುಬ್ಬಿಟ್ಟು, ಸಮವಸ್ತ್ರ ಇಸ್ತ್ರಿ ಮಾಡಿಟ್ಟು ಮಲಗಿದವಳ ಬೆಳಗಿನಲ್ಲೇ ಹಾಸ್ಯಕ್ಕೆ ಜಾಗ. ಅವಳು ಮನೆಯಲ್ಲಿ ಎಲ್ಲರಿಗಿಂತ ಸಮರ್ಥಳು. ಹಾಗಿಲ್ಲದಿದ್ದರೆ ಕಥೆ ನಿಲ್ಲುವುದೇ ಇಲ್ಲ.

ನಮ್ಮಲ್ಲಿ ಹಾಸ್ಯ ಎಂದರೆ ಹೆಂಡತಿಯ ಮೇಲಿನ ಜೋಕು ಎನ್ನುವ ಅಭ್ಯಾಸ ಬಹಳ ಹಳೆಯದು: ಅವಳ ಸೀರೆ, ಅವಳ ಮಾತು, ಅವಳ ಉಪ್ಪಿಟ್ಟು. ಈಗಲೂ ಹಾಸ್ಯೋತ್ಸವದ ವೇದಿಕೆಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ನನಗೆ ಅದರಲ್ಲಿ ನಗು ಬರುವುದಿಲ್ಲ. ಆದರೆ 1942ರಲ್ಲಿ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ಆರಂಭಿಸಿದ 'ಕೊರವಂಜಿ' ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆಯತೊಡಗಿದಾಗ ಮನೆಯೊಳಗಿನ ನಗೆಯನ್ನು ಅಡುಗೆಮನೆಯ ಕಡೆಯಿಂದ ಕಾಣುವ ಕಣ್ಣು ಕನ್ನಡಕ್ಕೆ ಸಿಕ್ಕಿತು. ನನ್ನಂಥವರು ಬರೆಯುವುದಕ್ಕೆ ಧೈರ್ಯ ಬಂದದ್ದು ಅಲ್ಲಿಂದ. ಹೆಂಗಸು ನಗೆಯ ವಸ್ತುವಾಗಿಯೇ ಇರಬೇಕಿಲ್ಲ, ನಗುವವಳೂ ಆಗಬಹುದು ಎಂದು ಅವರು ತೋರಿಸಿಕೊಟ್ಟರು. ಆ ಋಣ ದೊಡ್ಡದು.

ಪ್ರಶ್ನೆಯ ಇನ್ನರ್ಧ, ಬೇಜಾರು ಯಾಕಾಯಿತು ಎಂಬುದು. ಆಗಬೇಕು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ಅದಕ್ಕೆ ಕೊಟ್ಟ ಹೊತ್ತು ದಿನಕ್ಕೆ ಸರಾಸರಿ 299 ನಿಮಿಷ, ಕೈಹಾಕಿದ ಗಂಡಸರು ಕೊಟ್ಟದ್ದು 97. ಕೈಹಾಕಿದವರೆಷ್ಟು? ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಕೌಂಟರಿನಲ್ಲಿ ನೋಟು ಎಣಿಸಿ, ಸಂಜೆ ಕ್ಯಾಶ್ ಟ್ಯಾಲಿ ಮಾಡಿ ಬರುವ ವಸುಧಾಳ ದಿನದಲ್ಲಿ ಈ ನಿಮಿಷಗಳು ಬರುವುದು ನಿದ್ದೆಯಿಂದ. ಆದರೆ ಒನಕೆಗಾಗಿ ರಾತ್ರಿ ಅಜ್ಜಿಯ ಬಾಗಿಲು ತಟ್ಟಬೇಕೋ ಬೇಡವೋ ಎಂದು ಯೋಚಿಸಿದ ಹೊತ್ತು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆ ಹೊತ್ತನ್ನು ಕಥೆ ಹಿಡಿಯಬಲ್ಲದು. ಅಳುತ್ತಾ ಹೇಳಿದರೆ ಗಂಡಸರು ಪುಟ ತಿರುವಿಬಿಡುತ್ತಾರೆ. ನಗುತ್ತಾ ಹೇಳಿದಾಗ ಕೊನೆಯವರೆಗೂ ಓದಿ, ಹೆಂಡತಿಯ ಕಡೆ ತಿರುಗಿ "ನಾನೂ ಹೀಗೇನಾ?" ಎಂದು ಕೇಳಿದವರಿದ್ದಾರೆ. ಆ ಪ್ರಶ್ನೆ ಆ ಮನೆಯಲ್ಲಿ ಎದ್ದಿತಲ್ಲ, ನನಗೆ ಅದು ಬೇಕಾಗಿತ್ತು.

ಒಂದು ತಮಾಷೆಯನ್ನು ಮಾತ್ರ ನಾನು ಬರೆಯುವುದಿಲ್ಲ. 'ಕೆಲಸದವಳು ಇವತ್ತು ಬರಲಿಲ್ಲ' ಎಂಬುದು. ಇಂಥ ಕಥೆಗಳಲ್ಲಿ ಎಲ್ಲರ ಕೈಗೂ ಮೊದಲು ಸಿಗುವ ನಗು ಅದೇ. ಆದರೆ ವಸುಧಾಳ ಮನೆಗೆ ಪಾತ್ರೆ ತೊಳೆಯಲು ಬರುವ ರತ್ನಮ್ಮನೂ ಕೆಲಸಕ್ಕೆ ಹೋಗುವ ಅಮ್ಮನೇ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಆದ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಬಂತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು. ನಾಲ್ಕು ಮನೆಯಲ್ಲಿ ದುಡಿಯುವ ರತ್ನಮ್ಮನಿಗೆ ಇದರಲ್ಲಿ ಯಾವುದು ಸಿಗುತ್ತದೆ? ಅವಳು ಬಾರದ ದಿನ ಅವಳ ಮನೆಯಲ್ಲೂ ಏನೋ ಗಂಟು ಬಿಗಿದಿರುತ್ತದೆ. ಅವಳನ್ನು ನಗೆಗೆ ಒಡ್ಡಿದರೆ ವಸುಧಾಳ ಮೇಲೆ ಹೇರಿದ ಅನ್ಯಾಯವನ್ನೇ ಇನ್ನೊಬ್ಬಳ ಮೇಲೆ ದಾಟಿಸಿದಂತೆ. ಅವಳದೇ ಗಡಿಬಿಡಿಯನ್ನು, ಅವಳೇ ನಾಯಕಿಯಾಗಿ ಬರೆದರೆ ಅದು ಬೇರೆ ಮಾತು. ಅದನ್ನು ಬರೆಯಬೇಕೆಂಬ ಆಸೆ ಇದೆ.

ಗಂಡನ ಬಗ್ಗೆಯೂ ಕೇಳುತ್ತಾರೆ. ಅವನನ್ನು ಪೆದ್ದನಾಗಿ ಬರೆಯುವುದು ಬಹಳ ಸುಲಭ: ಹಾಲು ಉಕ್ಕಿಸುತ್ತಾನೆ, ಮಗಳಿಗೆ ಮಗನ ಬೂಟು ಹಾಕುತ್ತಾನೆ. ಹಾಗೆ ಬರೆಯಲು ನನಗೆ ಮನಸ್ಸಿಲ್ಲ, ಕೈಲಾಗದವನೆಂದು ತೋರಿಸಿದರೆ ಅವನಿಗೆ ಜೀವನಪರ್ಯಂತ ರಜೆ ಮಂಜೂರಾದಂತೆ. ನನ್ನ ಕಥೆಯ ಗಂಡ ಒಳ್ಳೆಯವನು, ಜಾಣ, ಚಪಾತಿಯನ್ನು ವಸುಧಾಳಿಗಿಂತ ಚೆನ್ನಾಗಿ ಲಟ್ಟಿಸುತ್ತಾನೆ. ಅವನ ಬಾಯಲ್ಲಿ ಬರುವ ಒಂದೇ ಮಾತು ತೊಡಕು: "ಹೇಳಿದ್ದಿದ್ರೆ ಮಾಡ್ತಿದ್ನಲ್ಲ."

ಈಗ ಬರೆಯುತ್ತಿರುವ ಕಥೆಯಲ್ಲಿ ವಸುಧಾಳಿಗೆ ಆಫೀಸರ್ ಬಡ್ತಿ ಸಿಕ್ಕಿದೆ. ಬಡ್ತಿಯ ಜೊತೆ ರಾಯಚೂರಿಗೆ ವರ್ಗ. ಇಂಥದ್ದು ಬಂದಾಗ ಎಷ್ಟೋ ಹೆಂಗಸರು ಬಡ್ತಿಯೇ ಬೇಡವೆಂದು ಬರೆದುಕೊಟ್ಟು ಕೌಂಟರಿನಲ್ಲೇ ಉಳಿಯುತ್ತಾರೆ. ವಸುಧಾ ಹೊರಡುತ್ತಾಳೆ. ಶಾಲೆಯ ವಾಟ್ಸಾಪ್ ಗುಂಪಿಗೆ ಗಂಡ ಸೇರುತ್ತಾನೆ, ಹೇಳಿಸಿಕೊಳ್ಳದೆ ಮಾಡುವುದನ್ನು ಒಂದೊಂದಾಗಿ ಕಲಿಯುತ್ತಾನೆ, ಕಾಳು ನೆನೆಹಾಕುವುದನ್ನೂ. ಅವನು ಎಲ್ಲವನ್ನೂ ಸರಿಯಾಗಿ ಮಾಡುತ್ತಿರುವಾಗ ನಗು ಎಲ್ಲಿಂದ ತರುವುದು ಎಂದು ಒಂದಷ್ಟು ದಿನ ಯೋಚಿಸಿದೆ. ಅದು ಸಿಕ್ಕಿದ್ದು ಶಾಲೆಯಲ್ಲೇ. ಮಗನಿಗೆ ಜ್ವರ, ಕರೆದುಕೊಂಡು ಹೋಗಲು ಅಪ್ಪ ಬಂದು ಆಫೀಸ್ ರೂಮಿನ ಕುರ್ಚಿಯಲ್ಲಿ ಕೂತಿದ್ದಾನೆ. ಟೀಚರ್ ಅವನಿಗೆ ನಗುಮೊಗದಿಂದ ನೀರು ಕೊಟ್ಟು, "ಒಂದ್ ನಿಮಿಷ ಸರ್, ಮೇಡಂಗೆ ಕೇಳ್ಬಿಡ್ತೀನಿ" ಎಂದು ರಾಯಚೂರಿಗೆ ಫೋನ್ ಹಚ್ಚುತ್ತಾರೆ.